ಪರಮೇಶ್ ಮಾಡಿದ ಸ್ಟ್ಯಾಂಡು

ಮಧುಗಿರಿ

ಮನೆ ಮಾಲೀಕರಾದ ರುದ್ರಯ್ಯನವರಿಗೆ ನಮಸ್ಕಾರ.

ನಿಮ್ಮ ಮನೆಯಲ್ಲಿ ನೇರಳೆ ವೈನ್ ಮಾಡಕೂಡದೆಂದು ನೀವು ಹೇಳಿದ ಮೇಲೆ ಡ್ರಮ್ಮುಗಳನ್ನೆಲ್ಲ ಮದಲೂರಿನ ನನ್ನ ತಮ್ಮನ ಮನೆಗೆ ಕಳಿಸಿದೆ. ಅವನ್ನಿಡಲು ನನ್ನ ಗಂಡ ಪರಮೇಶ್ ವೆಲ್ಡಿಂಗ್ ಮಾಡಿದ ಕಬ್ಬಿಣದ ಸ್ಟ್ಯಾಂಡೊಂದು ಉಳಿದಿದೆ. ಎಷ್ಟು ಭಾರವಿಟ್ಟರೂ ವಾಲುವುದಿಲ್ಲ. ಚಕ್ರಗಳಿರುವುದರಿಂದ ಬೇಕಾದಲ್ಲಿಗೆ ತಳ್ಳಬಹುದು.

ಲಕ್ವ ಹೊಡೆದ ಮೇಲೆ ನನ್ನ ಗಂಡ ಹಾಸಿಗೆ ಬಿಟ್ಟೆದ್ದಿರಲಿಲ್ಲ. ವಾಕರ್ ತಂದುಕೊಟ್ಟರೆ ಮುಟ್ಟಲಿಲ್ಲ. ಅವರನ್ನು ಎತ್ತಿ ಕೂರಿಸಿ ನನ್ನ ಸೊಂಟವೂ ಸೋತಿದೆ. ನಿನ್ನೆ ನಾನು ಸ್ಟ್ಯಾಂಡನ್ನೂ ಕಳಿಸಲೆಂದು ಎಳೆಯುತ್ತಿದ್ದಾಗ, "ಅಂಗೆಲ್ಲ ಎಳೀಬ್ಯಾಡ, ನಾನೇ ತಳ್ತೀನಿ ಬುಡು" ಎಂದು ಅದನ್ನೇ ಹಿಡಿದು ಎದ್ದರು. ಬಾಗಿಲವರೆಗೂ ನಡೆದರು.

ದಯವಿಟ್ಟು ಅದೊಂದು ಇಲ್ಲೇ ಇರಲಿ. ಚಕ್ರಗಳಿಗೆ ಎಣ್ಣೆ ಬಿಡುತ್ತೇನೆ. ಆದರೂ ಕೆಳಗೆ ಸದ್ದು ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ.

ಇಂತಿ,
ನಿಮ್ಮ ಮಹಡಿ ಮನೆಯ ಇಂದ್ರಮ್ಮ