ಅಣ್ಣನ ರುಜು

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೋದ ಕಾಗದದಲ್ಲಿ ನೀನು ಬೆನ್ನುನೋವು ಎಂದು ಒಂದೇ ಒಂದು ಸಾಲು ಗೀಚಿದ್ದೆ. ಗೋದಾಮಿನಲ್ಲಿ ಮೇಲ್ವಿಚಾರಣೆ ಎಂದು ಹೇಳಿಕೊಂಡು ಮೂಟೆಗೆ ನೀನೇ ಬೆನ್ನು ಕೊಡುತ್ತೀಯ, ನನಗೆ ಗೊತ್ತಿಲ್ಲವೇ? ದಮ್ಮಯ್ಯ, ಬಿಸಿನೀರಿನ ಶಾಖ ತೆಗೆದುಕೋ. ಅಮ್ಮನ ಮೊಣಕಾಲು ಸುಮಾರಾಗಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ, ಅದಕ್ಕೇ ಬರೆದಿದ್ದೇನೆ.

ಸಂಗತಿ ಏನೆಂದರೆ, ಹೊಸ ಟ್ರ್ಯಾಕ್ಟರ್ ಕೊಳ್ಳದೆ ಗತ್ಯಂತರವಿಲ್ಲ. ಸುರಕ್ಷತೆಯ ತಪಾಸಣೆಯವರು ಈ ವರ್ಷ ಮೂರು ಸಲ ಬಂದರು, ಮೂರು ಸಲವೂ ಬೇರೆ ಬೇರೆ ನಿಯಮ. ಮೊದಲು, ಗಾಡಿಯ ಹಿಂದೆ ಯಂತ್ರಗಳನ್ನು ತಿರುಗಿಸುವ ಶಾಫ್ಟಿಗೆ ಕವರ್ ಇದ್ದರೆ ಸಾಕೆಂದರು. ಆಮೇಲೆ, ಗಾಡಿ ಮಗುಚಿದರೂ ಓಡಿಸುವವನು ಉಳಿಯುವಂತೆ ತಲೆಯ ಮೇಲೆ ಕಬ್ಬಿಣದ ಚೌಕಟ್ಟು ಬೇಕೆಂದರು. ವೆಲ್ಡಿಂಗಿನವನ ಕೈಕಾಲು ಹಿಡಿದು ಅದನ್ನು ಮಾಡಿಸಿದರೆ, ಇಂಥದ್ದು ನಡೆಯುವುದಿಲ್ಲ, ಕಾರ್ಖಾನೆಯ ಮುದ್ರೆಯೇ ಬೇಕಂತೆ! ಈಗ ಇನ್ನೂ ಹೊಸದು. ಓಡಿಸುವವರು ಸೀಟಿನಿಂದ ಎದ್ದ ತಕ್ಷಣ ಶಾಫ್ಟು ತಾನಾಗಿಯೇ ನಿಲ್ಲಬೇಕು, ಇಲ್ಲದಿದ್ದರೆ ಕೊಯ್ಲಿಗೆ ಒಬ್ಬ ಆಳನ್ನೂ ಕರೆಯುವಂತಿಲ್ಲ. "ನಿಮ್ಮ ಗಾಡಿ ಗುಜರಿಗೇ ಸರಿ ಬಿಡಿ" ಎಂದರು, ನಮ್ಮ ಮನೆಯ ಮೂರನೇ ಲೋಟ ಚಹಾ ಕುಡಿಯುತ್ತಾ. ಮೈಯೆಲ್ಲ ಉರಿಯಿತು. ಆದರೆ ಅವರನ್ನು ಬೈದು ಏನು ಮಾಡಲಿ? ಈ ನಿಯಮ ಮೂರು ವರ್ಷ ಮೊದಲೇ ಬಂದಿದ್ದರೆ ಅಪ್ಪ ಇವತ್ತು ಇರುತ್ತಿದ್ದರು.

ಮಂಗಳವಾರ ಒಬ್ಬಳೇ ಅಂಗಡಿಗೆ ಹೋಗಿದ್ದೆ. ದೊಡ್ಡ ಗಾಡಿಗೆ ಗಾಜಿನ ಕೋಣೆ, ಒಳಗೆ ತಣ್ಣನೆ ಗಾಳಿ, ಹಿಂದಿನ ಸದ್ದೇ ಕೇಳುವುದಿಲ್ಲ. ಬೇಡವೆಂದೆ. ಯಾರಾದರೂ ಕೂಗಿಕೊಂಡರೆ ಕೇಳಿಸಬೇಕಲ್ಲ. ಚಿಕ್ಕದರ ಸೀಟಿನಲ್ಲಿ ಕುಳಿತೆ, ಅಂಗಡಿಯವನು ಶಾಫ್ಟು ಓಡಿಸಿದ, ನಾನು ಎದ್ದೆ. ಒಂದು, ಎರಡು, ನಿಂತಿತು. ಮತ್ತೆ ಕುಳಿತೆ, ಮತ್ತೆ ಎದ್ದೆ. ಹೀಗೆ ಎಷ್ಟು ಸಲವೋ. "ಅಕ್ಕಾ, ಗಾಡಿ ತಗೊಳ್ಳೋಕೆ ಬಂದ್ರೋ, ಬಸ್ಕಿ ಹೊಡೆಯೋಕೆ ಬಂದ್ರೋ?" ಎಂದು ಅವನು ನಕ್ಕ. ನಾನೂ ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ನಮ್ಮದು ಅವತ್ತು ನಿಲ್ಲಲೇ ಇಲ್ಲವಲ್ಲ, ಅಣ್ಣಾ. ಅಂಗಿಯ ತೋಳು ಸುತ್ತಿಕೊಂಡು ಅಪ್ಪ ನೆಲಕ್ಕೆ ಬಿದ್ದ ಮೇಲೂ, ನೀನು ಓಡಿಬಂದು ಆರಿಸುವವರೆಗೂ, ಏನೂ ಆಗಿಲ್ಲವೆಂಬಂತೆ ತಿರುಗುತ್ತಲೇ ಇತ್ತು.

ಆ ಸದ್ದು ಈ ಮನೆ ಬಿಟ್ಟು ಹೋಗಿಲ್ಲ. ಮಿಕ್ಸಿ ಹಾಕಿದರೆ ಅಮ್ಮ ಎದ್ದು ಅಂಗಳಕ್ಕೆ ಹೋಗುತ್ತಾಳೆ. ನಾನು ಹೊಲಿಗೆ ಯಂತ್ರ ಮುಟ್ಟಿ ಎಷ್ಟು ಕಾಲವಾಯಿತೋ. ಹಳೆಯ ಗಾಡಿ ಷೆಡ್ಡಿನಲ್ಲೇ ಇದೆ, ಬ್ಯಾಟರಿ ತೆಗೆಸಿದ್ದೇನೆ, ಆದರೂ ಪಾತ್ರೆ ತೊಳೆಯುವಾಗ ಹಠಾತ್ತನೆ ಅದು ಓಡಿದ ಹಾಗೆ ಕೇಳುತ್ತದೆ. ನಲ್ಲಿ ನಿಲ್ಲಿಸಿ ಹೋಗಿ ನೋಡುತ್ತೇನೆ. ಏನೂ ಇರುವುದಿಲ್ಲ. ನನಗೆ ಹೆದರಿಕೆಯಾಗುತ್ತದೆ, ಬೆಳ್ಳಂಬೆಳಗ್ಗೆಯೇ ಹೆದರಿಕೆಯಾಗುತ್ತದೆ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಹಿಂದೆ ಅಪಘಾತವಾದ ಹೊಲಗಳವರು, ಅದು ಯಾರ ತಪ್ಪಿನಿಂದ ಆಯಿತೆಂದು ಬರೆದು, ತಪ್ಪು ಮಾಡಿದವರ ರುಜು ಹಾಕಿಸಿ ಕೊಡಬೇಕಂತೆ. ಆಮೇಲೇ ಹೊಸ ಗಾಡಿಗೆ ಅನುಮತಿ. ಶಾಫ್ಟಿನ ಕವರ್ ಬಿಚ್ಚಿದವರು ಅದನ್ನು ಸೀಟಿನ ಮೇಲೆ ಇಡಬೇಕು, ಅದು ಅಲ್ಲಿರುವ ತನಕ ಗಾಡಿಯನ್ನು ಯಾರೂ ಮುಟ್ಟಬಾರದು ಎಂದು ಅಪ್ಪ ಮಾಡಿದ್ದ ಕಟ್ಟಳೆಯನ್ನೂ ಚಿಕ್ಕಪ್ಪ ಇದರ ಜೊತೆಗಿಟ್ಟಿರುವ ಕಾಗದದಲ್ಲಿ ವಿವರಿಸಿದ್ದಾರೆ. ಅದರ ಕೆಳಗೆ, "ಹಿರಿಯ ಮಗ ಗ್ರೀಸ್ ಹಚ್ಚಲು ಕವರ್ ಬಿಚ್ಚಿ, ಸೀಟಿನ ಮೇಲೆ ಇಡಲು ಮರೆತದ್ದು" ಎಂದಿದೆ. ನೀನೇ ಎಲ್ಲರೆದುರು ಹಾಗೆ ಹೇಳಿ, ಚೀಲ ತೆಗೆದುಕೊಂಡು ಹೊರಟವನು. ಪೆನ್ಸಿಲ್ ಗುರುತಿನ ಹತ್ತಿರ ರುಜು ಹಾಕಿ ಬೇಗ ಕಳಿಸು, ಕೊಯ್ಲಿಗೆ ಇನ್ನು ಒಂದೇ ತಿಂಗಳು. ನೀನು ಬರದಿದ್ದರೂ ಪರವಾಗಿಲ್ಲ ಎಂದು ಅಮ್ಮ ಹೇಳುತ್ತಾಳೆ, ಊಟಕ್ಕೆ ಮಾತ್ರ ಮೂರು ತಟ್ಟೆ ಇಡುತ್ತಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ ಸದಾ ನಿನ್ನ ಮೇಲಿದೆ, ಚಿಕ್ಕಪ್ಪ ಕೇಳಿದ್ದಾರೆಂದು ತಿಳಿಸಲು ಹೇಳಿದರು.

ನಿನ್ನ ಬಾಯಿಬಡುಕಿ ತಂಗಿ

ಮತ್ತೆ: ಅಂಟಿಸಿದ ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ. ರುಜು ಹಾಕಬೇಡ. ನೀನು ಮರೆತಿರಲಿಲ್ಲ ಅಣ್ಣಾ, ಕವರ್ ಸೀಟಿನ ಮೇಲೇ ಇತ್ತು. ನೀನು ಗ್ರೀಸ್ ತರಲು ಹೋದಾಗ, ಕಾಳು ಒಣಗಿಸಲು ಗಾಡಿ ಅಡ್ಡವಾಗಿದೆಯೆಂದು ನಾನೇ ಕವರನ್ನು ಎತ್ತಿ ಗೋಡೆಗೆ ಒರಗಿಸಿ, ಗಾಡಿ ಸರಿಸಿ, ಹಾಗೇ ಒಳಗೆ ಬಂದೆ. ಅಪ್ಪ ಅಂಗಳದಿಂದ "ಸೀಟು ಖಾಲಿ ಇದೆಯೇನಮ್ಮಾ?" ಎಂದು ಕೂಗಿದರು. "ಖಾಲಿ ಇದೆ ಅಪ್ಪಾ" ಎಂದವಳು ನಾನು. ಆ ಮಾತು ನಂಬಿ, ಕವರ್ ಹಾಕಿದೆಯೆಂದುಕೊಂಡೇ ಅವರು ಶಾಫ್ಟು ಓಡಿಸಿದ್ದು. ಗೋಡೆಯ ಹತ್ತಿರ ಕವರ್ ನೋಡಿ ನಿನ್ನ ನೆನಪನ್ನು ನೀನೇ ನಂಬಲಿಲ್ಲ, ನಾನು ಬಾಯಿ ಬಿಡಲಿಲ್ಲ. ಆ ಕಾಗದದಲ್ಲಿ ಹಿರಿಯ ಮಗ ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆದು, ರುಜುವನ್ನೂ ಹಾಕಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಒಬ್ಬಳೇ ಹೇಳುವ ಧೈರ್ಯ ನನಗಿಲ್ಲ, ನೀನು ಬಂದು ನನ್ನ ಪಕ್ಕದಲ್ಲಿ ನಿಲ್ಲುತ್ತೀಯಾ?