ಪಡಸಾಲೆಯ ಒಲೆ

ನನ್ನ ಅಕ್ಕ,

ನೀನು ಕಂಪ್ಲಿಯಿಂದ ಬಂಡಿಯಲ್ಲಿ ಬಂದಿಳಿದು, ಹೊಸಪೇಟೆಯ ನನ್ನ ಕೋಣೆಯಲ್ಲಿ ಗೋಣಿಚೀಲ ಬಿಚ್ಚುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಹಳ್ಳಿಯ ಹೆಂಗಸರಿಗೆ ತೋರಿಸಲು ಆರಿಸಿಟ್ಟ ಬಿತ್ತನೆ ಜೋಳ, ಒಲೆಯ ಹೊಗೆ ಹೊರಗೆ ಕಳಿಸುವ ಮಣ್ಣಿನ ಕೊಳವೆ. "ಎಂ.ಎ. ಓದಿದಾಕಿ, ನಿನ್ನ ಕವಿಗೋಳು ಹೊಗಿ ಮ್ಯಾಲ ಏನರ ಬರದಾರೇನು?" ಎಂದು ನೀನು ಕೆಣಕುತ್ತಿದ್ದೆ. ನಾನು ಮರುದಿನದ ಪಾಠದ ಪುಟ ತಿರುವುತ್ತಿದ್ದೆ...

ಚನ್ನಬಸಪ್ಪ ಸಾಹುಕಾರರ ಮನೆಯಲ್ಲಿ ನೀನು ಆ ಕೊಳವೆಯ ಒಲೆ ಕಟ್ಟಿದ ದಿನ ನಾನೂ ಇದ್ದೆ. ಅವರ ಸೊಸೆ ಶರಣಮ್ಮ ಒಳಗೆ ಕೆಮ್ಮುತ್ತ ರೊಟ್ಟಿ ಬಡಿಯುತ್ತಿದ್ದಳು. ಸಾಹುಕಾರರು ಮಾತ್ರ ಹೊಸ ಒಲೆಯನ್ನು ಪಡಸಾಲೆಯಲ್ಲೇ ಕಟ್ಟಿಸಿದರು. "ಬಂದವರಿಗೆ ಕಾಣಬೇಕಲ್ರಿ, ಅಕ್ಕಾರ." ಗಂಡಸರು ಕೂರುವ ಪಡಸಾಲೆಗೆ ಬಂದು ಯಾವ ಸೊಸೆ ಅಡುಗೆ ಮಾಡುತ್ತಾಳೆ? ಆ ಒಲೆ ಬೆಂಕಿಯನ್ನೇ ಕಾಣಲಿಲ್ಲ.

ನೀನು ತೀರಿಕೊಂಡ ಮೇಲೆ ಅದೇ ಪಡಸಾಲೆಯಲ್ಲಿ ನಿನ್ನ ಸ್ಮರಣೆಯ ಸಭೆ ನಡೆಯಿತು. ಒಲೆಗೆ ಸುಣ್ಣ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದ್ದರು. ಮದ್ರಾಸು ಸರಕಾರದ ಅಧಿಕಾರಿ ಕೊಳವೆಯನ್ನು ಬೆತ್ತದಿಂದ ತಟ್ಟಿ ಮೆಚ್ಚಿದ. "ನಮ್ಮ ಮನ್ಯಾಗ ಹೊಗಿ ಅನ್ನೋದೇ ಇಲ್ರಿ," ಎಂದರು ಸಾಹುಕಾರರು. ಒಳಗಿನ ಕೆಮ್ಮು ಎಲ್ಲರಿಗೂ ಕೇಳಿಸಿತು. ಅಧಿಕಾರಿ ಇನ್ನೊಂದು ಲೋಟ ಪಾನಕ ಬೇಡಿದ. ಹೇಸಿಗೆಯಾಯಿತು, ಅಕ್ಕ. ನಿನ್ನನ್ನು ತಾಯಿ ಎಂದರು, ದೇವತೆ ಎಂದರು. ಆ ಒಲೆಗೆ ಒಂದು ಕಡ್ಡಿ ಗೀರಲು ಯಾರ ಕೈಯೂ ಏಳಲಿಲ್ಲವಲ್ಲ...

ನನ್ನನ್ನು ಮಾತಾಡಲು ಕರೆದಾಗ ನಾನು ಎದ್ದು ಅಡುಗೆಮನೆಗೆ ಹೋದೆ. "ಹೊರಗಿನ ಒಲೆ ಹಚ್ಚೋಣೇನವ್ವ?" ಎಂದೆ.

ಶರಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬ್ಯಾಡ್ರಿ. ಅದು ಅವರ ಶೋಕಿ. ಕೊಳವಿ ಅಷ್ಟು ಕಿತ್ತು ಕೊಡ್ರಿ. ಅಕ್ಕಾರು ಕಟ್ಟೋದು ಬಾಗಿಲಸಂದ್ಯಾಗ ನಿಂತು ನೋಡೀನಿ."

ಪಡಸಾಲೆಗೆ ಬಂದು ಕೊಳವೆ ಕಿತ್ತೆ. ಸುಣ್ಣದ ಹಕ್ಕಳೆ ಅಧಿಕಾರಿಯ ಕೋಟಿನ ಮೇಲೆ ಉದುರಿತು.

"ಏನ್ ಮಾಡಾಕತ್ತೀರಿ, ಟೀಚರಮ್ಮಾರ?" ಎಂದು ಸಾಹುಕಾರರು ಕೂಗಿದರು.

"ಭಾಷಣ ಮಾಡಾಕತ್ತೀನ್ರಿ," ಎಂದೆ.

ನಿನ್ನೆ ಮತ್ತೆ ಹೋಗಿದ್ದೆ. ಪಡಸಾಲೆಯ ಒಲೆಯ ತೂತಿನ ಮೇಲೆ ಹಾರ ಮುಚ್ಚಿ, ಸಾಹುಕಾರರು ಈಗಲೂ ಬಂದವರಿಗೆ ತೋರಿಸುತ್ತಾರೆ. ಆದರೆ ಅಡುಗೆಮನೆಯ ಮಾಳಿಗೆಯ ಗವಾಕ್ಷಿಯಿಂದ ನಿನ್ನ ಕೊಳವೆ ತಲೆ ಹೊರಗೆ ಹಾಕಿ ಹೊಗೆ ಬಿಡುತ್ತಿತ್ತು. ಒಳಗೆ ಶರಣಮ್ಮ ಕೆಮ್ಮುತ್ತಿರಲಿಲ್ಲ, ಬೈಯುತ್ತಿದ್ದಳು. "ಉರಿ ಭಾಳ ಜೋರೈತ್ರಿ, ರೊಟ್ಟಿ ಸೀದು ಹೊಂಟಾವು. ಅಕ್ಕಾರು ಇದಕ್ಕೇನು ಮಾಡ್ತಿದ್ರು?"

ನನಗೆ ಗೊತ್ತಿರಲಿಲ್ಲ, ಅಕ್ಕ. ಸೀದ ರೊಟ್ಟಿ ತಿನ್ನುತ್ತ ಅವಳ ಪಕ್ಕದಲ್ಲೇ ಕುಳಿತೆ; ಉರಿ ತಗ್ಗಿಸುವ ಬಗೆಯನ್ನು ಇಬ್ಬರೂ ಇನ್ನೂ ಹುಡುಕುತ್ತಿದ್ದೇವೆ.

ನಿನ್ನ ತಂಗಿ