ತಗಡಿನ ಬಾಗಿಲಿಗೆ ದುಂಡು ತೂತು

ಶೆಡ್ಡಿನ ಮೇಲಿನ ಕೋಣೆಯಿಂದ,
ಹದಿನಾಲ್ಕನೆಯ ತಾರೀಕು, ಶನಿವಾರ

ನಮ್ಮ ಯಜಮಾನರಿಗೆ,

ಕೈಯ ಗಾಯ ಪೂರ್ತಿ ಒಣಗಿತೇ? ನಿದ್ದೆ ಬರುತ್ತಿದೆಯೇ? ಬೆಳಗಿನ ಮಾತ್ರೆಯನ್ನು ನೀವು ದಿನಾ ಮರೆಯುತ್ತೀರಿ ಎಂದು ಮಗಳು ದೂರು ಹೇಳಿದಳು. ಅದು ಮರೆವಲ್ಲ, ಕಳ್ಳಾಟ ಎಂದು ಅವಳಿಗೆ ತಿಳಿಸಿದ್ದೇನೆ. ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ತಲೆಯಾಡಿಸುವ ನಿಮ್ಮ ವಿದ್ಯೆ ನನ್ನ ಹತ್ತಿರ ನಡೆಯುವುದಿಲ್ಲ, ಇನ್ನು ಅವಳ ಹತ್ತಿರವೂ ನಡೆಯುವುದಿಲ್ಲ. ನೀರು ಕುಡಿಸಿ, ಬಾಯಿ ತೆಗೆಸಿ ನೋಡು ಎಂದಿದ್ದೇನೆ. ಮುನಿಸಿಕೊಳ್ಳಬೇಡಿ. ನಡುಕ ಪೂರ್ತಿ ಹೋಗದಿದ್ದರೂ ಹೆಚ್ಚಾಗದಂತೆ ನೋಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದರಂತೆ. ಹಾಗಾದರೆ ಮಾತ್ರೆ ನುಂಗಬೇಕು, ಅದರಲ್ಲಿ ಚರ್ಚೆಗೆ ಏನಿದೆ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಫೋನಿನಲ್ಲಿ ನೀವು "ಹೂಂ" ಬಿಟ್ಟು ಬೇರೆ ಮಾತಾಡುವುದಿಲ್ಲ. ಎರಡು ಹೂಂ ಆಗುವಷ್ಟರಲ್ಲಿ ಫೋನು ಮಗಳ ಕೈಗೆ ದಾಟಿರುತ್ತದೆ. ಕಾಗದವಾದರೆ ಪೂರ್ತಿ ಓದಲೇಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಹೂಂ ಎನ್ನುವ ನೀವು ಮಗನಿಗೆ ಮಾತ್ರ ಉದ್ದದ ಮಾತು ಹೇಳಿದ್ದೀರಿ. ಈ ತಿಂಗಳ ಕೊನೆಗೆ ಶೆಡ್ಡು ಖಾಲಿ ಮಾಡಿ ಪಕ್ಕದ ಬೇಕರಿಯವನಿಗೆ ಬಿಟ್ಟುಕೊಡು, ಡ್ರಿಲ್ಲಿಂಗ್ ಮಷೀನು ಯಾರಿಗೆ ಬೇಕೋ ಅವರು ಎತ್ತಿಕೊಂಡು ಹೋಗಲಿ, "ನನ್ನ ಕೈ ಮುಗೀತು ಕಣೋ" ಎಂದಿರಂತೆ. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ತನ್ನ ಅಂಗಿಯ ಗುಂಡಿಯನ್ನೇ ನೋಡುತ್ತಿದ್ದ. ಆ ದಿನ ನಡೆದದ್ದು ನನಗೂ ಗೊತ್ತು. ಬಟ್ಟೆ ಸುತ್ತಿದವಳೇ ನಾನು. ಕರೆಂಟಿನ ಪೆಟ್ಟಿಗೆಯ ಬಾಗಿಲಿಗೆ ನೀವು ಡ್ರಿಲ್ ಇಳಿಸುತ್ತಿದ್ದಿರಿ. ಇನ್ನೇನು ಕೊರೆಯುವ ಬಿಟ್ಟಿನ ಮೂತಿ ಆಚೆ ಬದಿಗೆ ಇಣುಕಬೇಕು ಎನ್ನುವಾಗ ಅದು ತಗಡನ್ನು ಕಚ್ಚಿಕೊಂಡಿತು. ಹಿಡಿದ ಕೈ ನಡುಗಿ ಸಡಿಲವಾಯಿತು. ಬಾಗಿಲು ಫ್ಯಾನಿನ ಹಾಗೆ ತಿರುಗಿ ನಿಮ್ಮ ಅಂಗೈ ಸೀಳಿತು. ನೀವು ಕೂಗಲಿಲ್ಲ. ಮಷೀನು ಆರಿಸಿ, ಬಾಗಿಲನ್ನು ಬೆಳಕಿಗೆ ಹಿಡಿದು, "ತೂತು ಮೂರು ಮೂಲೆ ಆಯ್ತು" ಎಂದಿರಿ. ಕೈಯಿಂದ ರಕ್ತ ಸುರಿಯುತ್ತಿದೆ, ನಿಮಗೆ ತೂತಿನ ಚಿಂತೆ. ಆಮೇಲೆ ಮಷೀನಿನ ಕಡೆ ತಿರುಗಿಯೂ ನೋಡದೆ ಮಗಳ ಜೊತೆ ಬಸ್ಸು ಹತ್ತಿದಿರಿ. ತಿರುಗಿ ನೋಡದೇ ಹೋದದ್ದು ನನ್ನನ್ನೂ ಸೇರಿಸಿ ಎಂದು ನಾನು ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಬೇಕರಿಯವನು ಮರುದಿನವೇ ಅಳತೆಯ ಟೇಪು ಹಿಡಿದು ಬಂದ. ನಿಮ್ಮ ಅರಗಳು ನೇತಾಡುವ ಗೋಡೆಗೆ ಓವನ್ ಬರುತ್ತದಂತೆ. "ಅಕ್ಕಾ, ನಿಮ್ಗೂ ವಯಸ್ಸಾಯ್ತು. ಈ ತಗಡಿನ ಜೊತೆ ಗುದ್ದಾಡೋದು ಸಾಕು. ದಿನಾ ಬಿಸಿಬಿಸಿ ಬ್ರೆಡ್ ಕಳಿಸ್ತೀನಿ" ಎಂದ. "ವಯಸ್ಸು ಅಳೆಯೋಕೆ ಟೇಪ್ ತಂದ್ಯಾ? ಅಳೆಯೋದಾದ್ರೆ ಹೋಗಿ ನಿನ್ನ ಬ್ರೆಡ್ ಅಳೆ. ನನ್ನ ಗೋಡೆ ಮುಟ್ಬೇಡ" ಎಂದೆ. ಟೇಪು ಸರ್ರೆಂದು ಒಳಗೆ ಓಡಿತು, ಅವನು ಹೊರಗೆ ಓಡಿದ. ಮಗನಿಗೆ ಮುಜುಗರವಾಯಿತು. "ಅಮ್ಮಾ, ಅಪ್ಪ ಒಪ್ಪಿದ್ದಾರಲ್ಲಾ" ಎಂದ. ಅಪ್ಪ ಒಪ್ಪಿದ್ದಾರೆ, ಶೆಡ್ಡು ಒಪ್ಪಿಲ್ಲ ಎಂದೆ. ಆಮೇಲೆ ಕೂತು ಮಾತಾಡಿದೆವು. ಅವನಿಗೆ ಅವನ ಕೆಲಸವಿದೆ, ಈ ಕಸುಬು ಅವನ ಕೈಗೆ ಹತ್ತಲಿಲ್ಲ, ಅದರಲ್ಲಿ ತಪ್ಪಿಲ್ಲ. ಕೊನೆಗೆ ನಾನೇ ಒಂದು ಮಾತು ಕೊಟ್ಟೆ. ವೈರಿಂಗಿನವನಿಗೆ, ಅದೇ, ನೀವು ಹರಟೆಮಲ್ಲ ಎಂದು ಕರೆಯುವವನಿಗೆ, ಕೊಡಬೇಕಾದ ಕರೆಂಟಿನ ಪೆಟ್ಟಿಗೆಯ ಆರು ಬಾಗಿಲುಗಳು ಅಂಚು ಮಡಚಿ ಬಂದು ಶೆಡ್ಡಿನಲ್ಲಿ ಬಿದ್ದಿವೆ. ದೀಪ, ಸ್ವಿಚ್ಚು, ಬೀಗ ಕೂರಿಸಲು ತೂತು ಹಾಕುವುದೊಂದೇ ಬಾಕಿ. ಅದನ್ನು ನಾನು ಮಾಡುತ್ತೇನೆ. ಅವನು ಒಪ್ಪಿದರೆ ಶೆಡ್ಡು ಶೆಡ್ಡಾಗಿಯೇ ಇರುತ್ತದೆ, ಒಪ್ಪದಿದ್ದರೆ ನಾನೇ ಬೇಕರಿಯವನಿಗೆ ಬೀಗದ ಕೈ ಕೊಡುತ್ತೇನೆ. ಮಗ ನಗಬಾರದೆಂದು ತುಟಿ ಬಿಗಿಹಿಡಿದ. ಸೊಸೆ ಮಾತ್ರ "ಅತ್ತೆ, ನಾನು ಬಾಗಿಲು ಹಿಡ್ಕೋತೀನಿ" ಎಂದಳು. ಬಾಗಿಲು ಹಿಡಿಯುವುದು ಕೈಯಲ್ಲ, ತಿರುಪು ತಿರುಗಿಸಿ ಮೇಜಿಗೆ ಬಿಗಿಯುವ ಶಿಕಂಜ ಎಂದು ಅವಳಿಗೆ ಅಲ್ಲೇ ಪಾಠ ಶುರು ಮಾಡಿದೆ.

ಈಗ ನಿಮಗೆ ಸಿಟ್ಟು ಬರುವ ಸುದ್ದಿ. ನಾನು ಅಂಗಡಿಗೆ ಹೋಗಿ ದೊಡ್ಡ ಸ್ಟೆಪ್ ಬಿಟ್ ತಂದೆ. ನೀವು ಸೋಮಾರಿಗಳ ಬುಗುರಿ ಎಂದು ಹೀಯಾಳಿಸುತ್ತಿದ್ದಿರಲ್ಲ, ಅದೇ. ಕೆಳಗೆ ಚೂಪು, ಮೇಲೆ ಹೋದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅಗಲ. ಎಷ್ಟು ದೊಡ್ಡ ತೂತು ಬೇಕೋ ಆ ಮೆಟ್ಟಿಲಿನವರೆಗೆ ಇಳಿಸಿ ನಿಲ್ಲಿಸಬೇಕು, ಅಷ್ಟೇ. ನೀವಾದರೆ ದೊಡ್ಡ ತೂತಿಗೆ ಬಳೆಯ ಹಾಗೆ ಸುತ್ತ ಸಣ್ಣ ತೂತು ಹಾಕಿ, ಉಳಿಯಿಂದ ನಡುವಿನದನ್ನು ಬೀಳಿಸಿ, ಅರ್ಧ ದಿನ ಅರದಿಂದ ಉಜ್ಜುತ್ತೀರಿ. ಆ ಉಜ್ಜುವ ಸದ್ದಿಗೆ ನಾನು ಮದುವೆಯಾದಾಗಿನಿಂದ ಹಲ್ಲು ಕಚ್ಚಿಕೊಂಡಿದ್ದೇನೆ. ಈಗ ಆ ಸದ್ದಿಲ್ಲದೆ ಮಧ್ಯಾಹ್ನ ಕಣ್ಣು ಹತ್ತುವುದಿಲ್ಲ, ಅದು ಬೇರೆ ಮಾತು. ಅಂಗಡಿಯವನು "ಯಜಮಾನ್ರು ಇದನ್ನ ಮುಟ್ಟಲ್ಲ ಅಂದಿದ್ರಲ್ಲಮ್ಮಾ" ಎಂದ. "ಯಜಮಾನ್ರು ಮುಟ್ಟಲ್ಲ, ನಾನು ಮುಟ್ತೀನಿ" ಎಂದೆ.

ಮೊದಲು ನೀವು ಮೂರು ಮೂಲೆ ಮಾಡಿದ ಆ ಬಾಗಿಲ ಮೇಲೆಯೇ ಕಲಿತೆ. ಅದನ್ನು ಎಸೆಯಲು ಮನಸ್ಸು ಬಂದಿರಲಿಲ್ಲ. ಮೊದಲನೆಯ ತೂತಿಗೆ ಮಷೀನನ್ನು ಜೋರಾಗಿ ಓಡಿಸಿಬಿಟ್ಟೆ. ಹೊಗೆ ಬಂತು, ತಗಡು ನೀಲಿಗಟ್ಟಿತು, ಕಿರುಚಾಟ ಕೇಳಿ ಸೊಸೆ ಕಿವಿ ಮುಚ್ಚಿಕೊಂಡಳು. ನೀವು ಎಣ್ಣೆ ಹನಿಸುತ್ತಿದ್ದದ್ದು, ಮಷೀನಿನ ಬೆಲ್ಟನ್ನು ದೊಡ್ಡ ಗಾಲಿಗೆ ಬದಲಾಯಿಸಿ ನಿಧಾನ ಮಾಡುತ್ತಿದ್ದದ್ದು ಆಮೇಲೆ ನೆನಪಾಯಿತು. ಎಷ್ಟು ವರ್ಷ ನಿಮಗೆ ಟೀ ಲೋಟ ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೇನೆ, ಕಣ್ಣಿಗೆ ಬಿದ್ದದ್ದು ಸುಮ್ಮನೆ ಹೋಗುತ್ತದೆಯೇ? ಎರಡನೆಯದಕ್ಕೆ ಎಣ್ಣೆ ಹನಿಸಿ ಮೆಲ್ಲಗೆ ಇಳಿಸಿದೆ. ಪ್ರತಿ ಮೆಟ್ಟಿಲು ದಾಟುವಾಗ ಟಕ್ ಎಂದು ಕೈಗೆ ತಿಳಿಯುತ್ತದೆ. ಆ ಟಕ್ ಕೇಳುವ ಖುಷಿಯಲ್ಲಿ ಒಂದು ಮೆಟ್ಟಿಲು ಹೆಚ್ಚು ಇಳಿಸಿಬಿಟ್ಟೆ. ಅಷ್ಟರಲ್ಲಿ ಹರಟೆಮಲ್ಲ ಬಂದ. ದೀಪ ಕೂರಿಸಲು ನೋಡಿದರೆ ಅದು ತೂತಿನೊಳಗಿಂದ ಜಾರಿ ಕೆಳಗೆ ಬಿತ್ತು. "ಅಮ್ಮಾ, ಇದ್ರಲ್ಲಿ ದೀಪ ಯಾಕೆ, ನನ್ನ ತಲೆನೇ ತೂರಿಸ್ತೀನಿ ಬಿಡಿ" ಎಂದ. "ತೂರಿಸು, ಒಳಗೆ ಏನೂ ಇಲ್ದೆ ಇರೋದ್ರಿಂದ ಸಲೀಸಾಗಿ ಹೋಗುತ್ತೆ" ಎಂದೆ. ಆದರೆ ಅವನೇ ಉಪಾಯ ಹೇಳಿದ: ನಿಲ್ಲಿಸಬೇಕಾದ ಮೆಟ್ಟಿಲ ಮೇಲೆ ಬಣ್ಣದ ಗೆರೆ ಎಳೆದುಕೊಳ್ಳಿ ಎಂದು. ಸೊಸೆ ತನ್ನ ಉಗುರಿಗೆ ಹಚ್ಚುವ ಕೆಂಪು ತಂದು ಹಚ್ಚಿದಳು. ತಿರುಗುವಾಗ ಕೆಂಪು ಉಂಗುರದ ಹಾಗೆ ಕಾಣುತ್ತದೆ, ಅದು ತಗಡನ್ನು ಮುಟ್ಟಿದ ಕೂಡಲೇ ಕೈ ಎತ್ತಬೇಕು.

ಆಮೇಲೆ ಆರು ಬಾಗಿಲುಗಳಿಗೂ ಕೈ ಹಾಕಿದೆ. ಅಂಚು ಮಡಚಿದ ಬಾಗಿಲಲ್ಲವೇ, ಮಡಚಿದ ಬದಿಯನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟರೆ ತಟ್ಟೆಯ ಹಾಗೆ ಭದ್ರವಾಗಿ ಕೂರುತ್ತದೆ. ಯಾವ ತೂತು ಎಲ್ಲಿ ಎಂದು ಹರಟೆಮಲ್ಲ ಕೊಟ್ಟಿದ್ದ ನಕ್ಷೆಯ ಹಾಳೆಯನ್ನು ಅದರೊಳಗೆ ಇಟ್ಟೆ. ಫೋಟೋಗೆ ಕಟ್ಟು ಹಾಕಿದ ಹಾಗೆ ನಾಲ್ಕು ಕಡೆಯೂ ಸರಿಯಾಗಿ ಕೂತಿತು. ಸ್ಕೇಲು, ಕೈವಾರ ಹಿಡಿದು ಗುರುತು ಹಾಕಿದೆ. ಹೈಸ್ಕೂಲಿನಲ್ಲಿ ರೇಖಾಗಣಿತಕ್ಕೆ ನನ್ನನ್ನು ಮೀರಿಸಿದವರಿರಲಿಲ್ಲ, ನಿಮಗೆ ಇದನ್ನು ಹೇಳಿದಾಗಲೆಲ್ಲ ನೀವು ಆಕಳಿಸುತ್ತಿದ್ದಿರಿ. ಕೆಳಗೆ ಒಂದು ಮರದ ಹಲಗೆ, ಬಿಟ್ಟಿನ ಚೂಪು ಇಳಿಯಲು ಅದರಲ್ಲೊಂದು ಗುಳಿ. ನಾಲ್ಕು ಮೂಲೆಗೂ ಶಿಕಂಜ. ಕನ್ನಡಕ, ಬಿಗಿಯಾಗಿ ಕಟ್ಟಿದ ತುರುಬು, ಮೊಳಕೈವರೆಗೆ ಮಡಚಿದ ತೋಳು. ಇಷ್ಟೆಲ್ಲ ಆದ ಮೇಲೆ ಹಿಡಿಕೆ ಇಳಿಸಿದರೆ, ನೋಡಿ, ಬಿಟ್ ಕಚ್ಚಲಿಲ್ಲ, ತಗಡು ಕುಣಿಯಲಿಲ್ಲ. ಒಂದು ಮೆಟ್ಟಿಲು ಕೊರೆದ ತೂತಿನಲ್ಲಿ ಮುಂದಿನ ಮೆಟ್ಟಿಲು ತಾನಾಗಿ ನಡುವೆ ನಿಲ್ಲುತ್ತದೆ. ಬೆಳ್ಳಿಯ ಎಳೆಯಂಥ ಚೂರು ಸುರುಳಿ ಸುರುಳಿಯಾಗಿ ಬಿತ್ತು. ತೂತು ಅಂದರೆ ತೂತು! ಹುಣ್ಣಿಮೆಯ ಚಂದ್ರ ನಾಚಬೇಕು.

ಒಂದು ಮಾತು ಹೇಳಬೇಕು. ತೂತು ಹಾಕಿದ ಮೇಲೆ ನೀವು ಕಣ್ಣು ಮುಚ್ಚಿ ಅಂಚಿನ ಸುತ್ತ ಬೆರಳು ಓಡಿಸುತ್ತೀರಿ. ಮಕ್ಕಳು ಸಣ್ಣವರಿದ್ದಾಗ ಹಾಗೆ ನೋಡದ ಒಂದು ಬಾಗಿಲನ್ನೂ ನೀವು ಹೊರಗೆ ಬಿಡುತ್ತಿರಲಿಲ್ಲ. "ಯಾರದೋ ಮನೆ ಮಗು ಕೈ ಹಾಕುತ್ತೆ ಕಣೇ" ಎನ್ನುತ್ತಿದ್ದಿರಿ. ನಾನು ಒಳಗಿನಿಂದ ಊಟ ಆರುತ್ತಿದೆ ಎಂದು ಕೂಗುತ್ತಿದ್ದೆ, ನೀವು ಕಣ್ಣು ಮುಚ್ಚಿಕೊಂಡೇ ಬೆರಳು ಓಡಿಸುತ್ತಿದ್ದಿರಿ. ಈ ಬಿಟ್ಟಿನಲ್ಲಿ ಮುಂದಿನ ಮೆಟ್ಟಿಲನ್ನು ತೂತಿನ ಬಾಯಿಗೆ ಹೌದೋ ಅಲ್ಲವೋ ಎನ್ನುವಂತೆ ಮುಟ್ಟಿಸಿದರೆ ಅಂಚಿನ ಮುಳ್ಳು ಹೋಗುತ್ತದೆ. ಹಿಂಬದಿಯದನ್ನು ಮಾತ್ರ ನಿಮ್ಮ ಅರದಲ್ಲೇ ಉಜ್ಜಿದೆ. ಆಮೇಲೆ ನಾನೂ ಕಣ್ಣು ಮುಚ್ಚಿ ಬೆರಳು ಓಡಿಸಿದೆ. ಒಂದೊಂದಕ್ಕೂ. ಸೊಸೆ ನೋಡಿ, "ಅತ್ತೆ, ಥೇಟ್ ಮಾವನ ಹಾಗೇ ಮಾಡ್ತೀರಿ" ಎಂದಳು. ಹೊತ್ತಾಯಿತು, ಹೋಗಿ ಟೀ ಇಡು ಎಂದು ಅವಳನ್ನು ಅಟ್ಟಿದೆ. ಎಲ್ಲರ ಮುಂದೆ ಮೂಗು ಒರೆಸಿಕೊಳ್ಳುವ ಅಭ್ಯಾಸ ನನಗಿಲ್ಲ.

ನಿನ್ನೆ ಸಂಜೆ ಹರಟೆಮಲ್ಲ ಬಂದು ಬಾಗಿಲುಗಳನ್ನು ಒಂದರ ಮೇಲೊಂದು ಜೋಡಿಸಿ ಗಾಡಿಗೆ ಹೇರಿಕೊಂಡು ಹೋದ. ತೂತಿಗೆ ಒಂದು ದೀಪ ಹಾಕಿ ನೋಡಿ, ಬಿಗಿಯಾಗಿ ಕೂತದ್ದನ್ನು ಕಂಡು ಮಾತಿಲ್ಲದೆ ನಿಂತ. ಅವನು ಮಾತಿಲ್ಲದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮಗನೂ ನೋಡಿದ. ಆದ್ದರಿಂದ ಶೆಡ್ಡಿನ ವಿಷಯ ಮುಗಿಯಿತು, ಬೇಕರಿಯವನು ಬೇರೆ ಗೋಡೆ ಹುಡುಕಿಕೊಳ್ಳಲಿ. ನೀವು ಅವಸರ ಮಾಡಿಕೊಂಡು ಬರಬೇಕಾದ್ದು ಏನೂ ಇಲ್ಲ. ಮಗಳ ಮನೆಯಲ್ಲಿ ಎಷ್ಟು ದಿನ ಬೇಕೋ ಅಷ್ಟು ದಿನ ಇರಿ, ಬೆಳಗಿನ ಬಿಸಿಲಿಗೆ ನಡೆದಾಡಿ, ಮಾತ್ರೆ ನುಂಗಿ. ಇಲ್ಲಿ ಯಾವ ಕೆಲಸವೂ ನಿಂತಿಲ್ಲ. ನಿಂತಿದೆ ಎಂದುಕೊಂಡು ಕೊರಗಬೇಡಿ. ಕೈ ಮುಗಿಯಿತು ಎಂಬ ಮಾತನ್ನು ಮಕ್ಕಳ ಮುಂದೆ ಇನ್ನೊಮ್ಮೆ ಆಡಬೇಡಿ, ನನಗೆ ಸೇರುವುದಿಲ್ಲ.

ಮಗಳಿಗೆ ನನ್ನ ಆಶೀರ್ವಾದ. ನಿಮ್ಮನ್ನು ನೋಡಿಕೊಳ್ಳುವ ಭರದಲ್ಲಿ ತನ್ನ ಊಟ ಮರೆಯಬಾರದೆಂದು ಹೇಳಿ. ಮಗ ಸೊಸೆ ನಿಮಗೆ ನಮಸ್ಕಾರ ಹೇಳಿದ್ದಾರೆ. ನನ್ನದನ್ನು ಬಂದಾಗ ತೆಗೆದುಕೊಳ್ಳುವಿರಂತೆ.

ಇಂತಿ,
ನಿಮ್ಮ ಮನೆಯವಳು

ವಿ. ಸೂ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಹರಟೆಮಲ್ಲ ಆರು ಬಾಗಿಲನ್ನೂ ವಾಪಸು ತಂದು ಅಂಗಳದಲ್ಲಿ ನಿಲ್ಲಿಸಿದ್ದಾನೆ. "ಅಮ್ಮಾ, ತೂತು ನೋಡಿದ್ರೆ ಕಣ್ಣಿಗೊತ್ಕೋಬೇಕು ಅನ್ಸುತ್ತೆ. ಆದ್ರೆ ಎಲ್ಲಾ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬಂದಿದೆ. ಸ್ವಿಚ್ಚು ಹೋಗಿ ಬೀಗದ ಮೇಲೆ ಕೂತಿದೆ" ಎನ್ನುತ್ತಾನೆ. ನಕ್ಷೆ ಹೊರಬದಿಯದಂತೆ, ನಾನು ಒಳಬದಿಗೆ ಇಟ್ಟು ಗುರುತು ಹಾಕಿದ್ದೇನೆ. ಆರಕ್ಕೆ ಆರೂ ಹೋದವು. ಮಗ ಬೀಗದ ಕೈ ನೇತಾಡುವ ಮೊಳೆಯ ಕಡೆ ನೋಡಿದ. ಬೀಗದ ಕೈ ನಾನಿನ್ನೂ ಕೊಟ್ಟಿಲ್ಲ. ಹೊಸ ಬಾಗಿಲು ಮಡಚಲು ಹೇಳಿ ಕಳಿಸಿದ್ದೇನೆ, ಬುಧವಾರ ಬರುತ್ತವೆ. ಈ ತಪ್ಪನ್ನು ನಾನು ಇನ್ನೊಮ್ಮೆ ಮಾಡುವುದಿಲ್ಲ, ಆದರೆ ಬೇರೆ ಯಾವುದೋ ಒಂದನ್ನು ಮಾಡುತ್ತೇನೆ. ನಿಮ್ಮ ಕೈ ನಡುಗಿದರೆ ನಡುಗಲಿ, ನನ್ನದು ನಡುಗುವುದಿಲ್ಲ. ನೀವು ಸ್ಟೂಲಿನ ಮೇಲೆ ಕೂತು ನೋಡಿ, ಎಲ್ಲಿ ಕೊರೆಯಬೇಕು ಎಂದು ಹೇಳಿ. ಈ ಮನೆಯಲ್ಲಿ ಇಷ್ಟು ವರ್ಷ ಹೇಳಿದವಳು ನಾನು. ಇನ್ನು ನೀವು ಹೇಳಿ, ನಾನು ಕೇಳುತ್ತೇನೆ. ಮಂಗಳವಾರದ ಬಸ್ಸಿಗೆ ಬನ್ನಿ.